ಕೊನೆಯ ಕಂಬದಿಂದ ಕೂಗಿದ ಮಾತು

"ಗಾಳಿಗೆ ಮುರೀತು," ಎಂದರು ಡ್ರಾಯಿಂಗ್ ಮೇಷ್ಟ್ರು.

ಇನ್‌ಸ್ಪೆಕ್ಟರ್ ಕೊಡೆಯನ್ನು ತಿರುಗಿಸಿ ನೋಡಿದಳು. ಬಟ್ಟೆ ಹರಿದಿರಲಿಲ್ಲ. ಕಡ್ಡಿಗಳೆಲ್ಲ ನೆಟ್ಟಗಿದ್ದವು. ಬಾಗಿದ ಮರದ ಹಿಡಿ ಮಾತ್ರ ಸೀಳಿ, ಒಂದು ಎಳೆಯ ಮೇಲೆ ನೇತಾಡುತ್ತಿತ್ತು.

"ನಿನ್ನೆ ಗಾಳಿ ಇರಲಿಲ್ಲ ಮೇಷ್ಟ್ರೇ."

"ನಿಮ್ಮ ಸ್ಟೇಷನ್ ಹತ್ರ ಇರಲಿಲ್ಲವೇನೋ. ನಮ್ಮ ಬೀದಿಗೆ ಬೀಸೋ ಗಾಳಿಯೇ ಬೇರೆ. ಮೊದಲು ಆ ಬೂಟು ಕೆಳಗಿನ ಮೆಟ್ಟಿಲ ಮೇಲಿಡಿ. ಈಗಷ್ಟೇ ಒರೆಸಿದ್ದು."

ಅವಳು ಬೂಟನ್ನು ಇದ್ದಲ್ಲೇ ಇಟ್ಟಳು.

ನಿನ್ನೆ ಮುಸ್ಸಂಜೆ ಈ ಬೀದಿಯ ಕೊನೆಯ ಹಳೆಯ ದೀಪವನ್ನು ಬಿಚ್ಚಲು ಏಣಿ ಹತ್ತಿದ ಲೈನ್‌ಮನ್ ಕರೆಂಟು ಹೊಡೆದು ಸತ್ತಿದ್ದ. ಕೆಳಗೆ ಸ್ವಿಚ್ಚಿನ ಬಳಿ ನಿಲ್ಲಬೇಕಿದ್ದ ಅವನ ಬಾಮೈದ ಲಾಕಪ್ಪಿನಲ್ಲಿದ್ದ. ನಿನ್ನೆ ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದನ್ನು ಹತ್ತಾರು ಜನ ಕೇಳಿದ್ದರು. ಇವತ್ತು ಸಂಜೆಯೊಳಗೆ ಅವನ ಮೇಲೆ ಕೊಲೆಯ ಆರೋಪ ಹೊರಿಸಿ ಮುಗಿಸಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು.

ಮೇಷ್ಟ್ರ ಜಗುಲಿಯಿಂದ ಆ ಕಂಬ ಕಾಣುತ್ತಿತ್ತು. ಎರಕದ ಕಬ್ಬಿಣದ ಹಳೆಯ ಕಂಬ, ಬಳ್ಳಿಯಂತೆ ಬಾಗಿದ ಕುತ್ತಿಗೆ. ಅದರ ಪಕ್ಕಕ್ಕೇ ಹೊಸ ಕಂಬ ನಿಂತಿತ್ತು: ಬೂದು ಬಣ್ಣ, ನೆತ್ತಿಯಲ್ಲಿ ತಟ್ಟೆಯಂಥ ಚಪ್ಪಟೆ ತಲೆ. ಅದಕ್ಕಿನ್ನೂ ಕರೆಂಟು ಕೊಟ್ಟಿರಲಿಲ್ಲ. ಏಣಿ ಇನ್ನೂ ಹಳೆಯ ಕಂಬಕ್ಕೇ ಒರಗಿತ್ತು. ಅದನ್ನು ತೆಗೆದಿಡುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ಸ್ವಿಚ್ಚಿನ ಪೆಟ್ಟಿಗೆ ಇದ್ದದ್ದು ಮೇಷ್ಟ್ರ ಮನೆಯ ಪಕ್ಕದ ಸಂದಿಯಲ್ಲಿ. ಕಂಬದ ಮೇಲಿದ್ದವನಿಗೆ ಅದು ಕಾಣುವುದಿಲ್ಲ. ಕೂಗಿ ಕೇಳಬೇಕು. ಕೂಗಿಗೆ ಬಂದ ಉತ್ತರವನ್ನು ನಂಬಬೇಕು.

"ಬಾಮೈದನ ತುಟಿ ಸೀಳಿದೆ," ಎಂದಳು ಇನ್‌ಸ್ಪೆಕ್ಟರ್. "ಕೆನ್ನೆ ಮೇಲೆ ಬಾಸುಂಡೆ ಇದೆ. ಕೊಕ್ಕೆ ಥರ ಬಾಗಿದೆ."

"ಲಾಕಪ್ಪಲ್ಲಿ ನಿಮ್ಮೋರು ಕೊಟ್ಟ ಪೆಟ್ಟನ್ನ ನನ್ನ ತಲೆಗೆ ಕಟ್ಟಬೇಡಿ."

"ನಮ್ಮೋರ ಹತ್ರ ಇರೋದು ಲಾಠಿ. ಅದು ನೆಟ್ಟಗಿರುತ್ತೆ."

ಒಳಗೆ ಓಡುತ್ತಿದ್ದ ಹೊಲಿಗೆ ಮೆಷಿನ್ ನಿಂತಿತು. ಯಾರೋ ಮೂಗಿನಲ್ಲೇ ನಕ್ಕರು.

ಮೇಷ್ಟ್ರು ಒಳಬಾಗಿಲ ಕಡೆಗೊಮ್ಮೆ ದುರುಗುಟ್ಟಿ ನೋಡಿ ಇತ್ತ ತಿರುಗಿದರು. "ನೋಡಿ ಇನ್‌ಸ್ಪೆಕ್ಟರಮ್ಮ, ನನಗೆ ಆ ಲೈನ್‌ಮನ್ ಮೇಲೆ ಕನಿಕರ ಇಲ್ಲ. ಇದೆ ಅಂತ ನಾಟಕ ಆಡೋ ವಯಸ್ಸೂ ಅಲ್ಲ. ಈ ಬೀದಿ ದೀಪಗಳ ಕೆಳಗೆ ಮಕ್ಕಳನ್ನ ಕೂರಿಸಿ ನೆರಳು ಬಿಡಿಸೋದು ಕಲಿಸಿದ್ದೀನಿ ನಾನು. ಹಳದಿ ಬೆಳಕು ಮನುಷ್ಯನನ್ನ ದುಂಡಗೆ ಮಾಡುತ್ತೆ. ಈ ಹೊಸದು? ಹಳೇದರ ಕೆಳಗೆ ಮುಖ ಕಾಣ್ತಿತ್ತು, ಹೊಸದರ ಕೆಳಗೆ ಮೊಡವೆ ಕಾಣುತ್ತೆ."

"ಅದಕ್ಕೆ ವ್ಯಾನಿಗೆ ಕಲ್ಲು ಹೊಡೆದ್ರಿ."

"ಯಾರು ಹೊಡೆದ್ರು? ನೋಡಿದೋರು ಯಾರು? ದೀಪದ ಬುಡದಲ್ಲಿ..."

"ಆ ಗಾದೆ ಬೇಡ. ಬೆಳಿಗ್ಗೆಯಿಂದ ಇಡೀ ಬೀದಿ ಅದನ್ನೇ ಹೇಳಿ ಬಾಗಿಲು ಹಾಕ್ಕೊಂಡಿದೆ."

ಅವಳು ಕೊಡೆಯನ್ನು ಗೋಡೆಗೆ ಒರಗಿಸಿದಳು. "ನಾನು ಹೇಳ್ತೀನಿ, ಸರಿಯಾ ತಪ್ಪಾ ನೋಡಿ. ಹೊಸ ದೀಪ ತುಂಬಿದ ವ್ಯಾನು ಬೀದಿ ತುದೀಲಿತ್ತು. ನೀವೆಲ್ಲ ಹೋಗಿ ಅದಕ್ಕೆ ಮುತ್ತಿಗೆ ಹಾಕಿದ್ರಿ. ಗಲಾಟೆ ಕೇಳಿ ಬಾಮೈದ ಓಡಿ ಬಂದ. ನೀವು ಅವನಿಗೆ ಕೊಡೇಲಿ ಬಾರಿಸಿದ್ರಿ. ಆ ಹೊತ್ತಿಗೆ ಇಲ್ಲಿ ಅವನ ಭಾವ ಸತ್ತ. ಈಗ 'ಬಾಮೈದ ವ್ಯಾನಿನ ಹತ್ರ ಇದ್ದ' ಅಂತ ನೀವು ಒಬ್ಬರಾದರೂ ಹೇಳಿದ್ರೆ, ನೀವೂ ಅಲ್ಲೇ ಇದ್ರಿ ಅಂತ ಆಗುತ್ತೆ. ಕಲ್ಲು ಯಾರದು, ಗಾಜು ಯಾರು ಒಡೆದ್ರು, ಎಲ್ಲ ಹೊರಗೆ ಬರುತ್ತೆ. ಅದಕ್ಕೆ ಯಾರೂ ಅವನನ್ನ ನೋಡಿಲ್ಲ."

"ಚೆನ್ನಾಗಿದೆ. ಕಥೆ ಬರೀರಿ."

"ನಿಮ್ಮ ದೀಪ ಉಳಿಸೋಕೆ ಒಬ್ಬನನ್ನ ಜೈಲಿಗೆ ಕಳಿಸ್ತಿದ್ದೀರಿ."

"ದೀಪ ಎಲ್ಲಿ ಉಳೀತು?" ಮೇಷ್ಟ್ರ ಧ್ವನಿ ಮೊದಲ ಸಲ ಏರಿತು. "ಎಲ್ಲ ಕಿತ್ತುಹಾಕಿದರು! ಉಳಿದಿದ್ದು ಅದೊಂದು. ಅದನ್ನಾದರೂ ಬಿಡಿ ಅಂತ ಕೈ ಮುಗಿದೆ. ಅವನು ಏನಂದ ಗೊತ್ತಾ? 'ಮೇಷ್ಟ್ರೇ, ನಿಮ್ಮ ಮನೇಲಿ ತೂಗುಹಾಕ್ಕೊಳ್ಳಿ, ಇಳಿಸಿಕೊಡ್ತೀನಿ' ಅಂದ. ಬೀದಿ ದೀಪಾನ ಮನೇಲಿ ತೂಗುಹಾಕ್ಕೋಬೇಕಂತೆ!"

"ಅದಕ್ಕೆ ಬಾಮೈದನಿಗೆ ಹೊಡೆದ್ರಾ?"

"ಕೊಡೆ ಗಾಳಿಗೆ ಮುರೀತು."

"ಗಾಳಿಗೆ ಕಡ್ಡಿ ಮುರಿಯುತ್ತೆ," ಎಂದಿತು ಒಳಗಿನಿಂದ ಬಂದ ಧ್ವನಿ. "ಹಿಡಿ ಮುರಿಯಲ್ಲ."

ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕುತ್ತಿಗೆಗೆ ಅಳತೆ ಟೇಪು, ಸೀರೆಗೆ ಚುಚ್ಚಿಕೊಂಡ ಗುಂಡುಪಿನ್ನುಗಳು. ಬೀದಿಯವರ ಬಾಯಲ್ಲಿ ಟೈಲರಮ್ಮ.

"ನೀನು ಒಳಗಿರು," ಎಂದರು ಮೇಷ್ಟ್ರು.

"ನಿನ್ನೆಯೂ ಒಳಗೇ ಇದ್ದೆ. ಅದಕ್ಕೇ ಕೇಳಿಸ್ತು."

"ಇವಳ ಮಾತು ಕಟ್ಕೋಬೇಡಿ. ಇವಳು ಹೊಸ ದೀಪದ ಪಾರ್ಟಿ."

"ಹೌದು, ಹೊಸ ದೀಪದ ಪಾರ್ಟಿನೇ." ಟೈಲರಮ್ಮ ಗಂಡನ ಮುಖ ನೋಡಲಿಲ್ಲ. "ಕಂಬದ ಕೆಳಗೆ ಕೂತು ಚಿತ್ರ ಬಿಡಿಸೋರಿಗೆ ಹಳೇದು ಚೆಂದ. ಕಂಬದಿಂದ ಕಂಬಕ್ಕೆ ನಡೆಯೋ ಹೆಂಗಸರನ್ನ ಕೇಳಿ. ಮಧ್ಯದ ಕತ್ತಲಲ್ಲಿ ಉಸಿರು ಬಿಗಿ ಹಿಡ್ಕೊಂಡು ಓಡಿದ್ದೀವಿ. ಈ ಮನುಷ್ಯ ಅದರದ್ದು ಒಂದು ಚಿತ್ರ ಬಿಡಿಸಿಲ್ಲ."

ಮೇಷ್ಟ್ರು ಕಂಬದ ಕಡೆಗೆ ತಿರುಗಿದರು.

"ಬಾಮೈದ ವ್ಯಾನಿನ ಹತ್ರ ಇದ್ದನಾ?" ಎಂದು ಇನ್‌ಸ್ಪೆಕ್ಟರ್ ಕೇಳಿದಳು.

"ಇದ್ದ. ಇವರು ಮನೆಗೆ ಬಂದು ಜಂಬ ಕೊಚ್ಚಿಕೊಂಡ್ರು, ನಾಲ್ಕು ಬಿಟ್ಟೆ ಅಂತ. ಅಷ್ಟರಲ್ಲಿ ಹೊರಗೆ ಯಾರೋ ಕಿರುಚಿದ್ರು, ಲೈನ್‌ಮನ್ ಹೋದ ಅಂತ. ಆಮೇಲೆ ಇವರ ಬಾಯಿ ಬಂದ್."

"ಆದರೆ ನಮ್ಮ ಪೇದೆಗೆ ನೀವೇ ಹೇಳಿದ್ರಿ. ಲೈನ್‌ಮನ್ ಕೂಗಿ ಕೇಳಿದ, ಬಾಮೈದ ಆಯ್ತು ಅಂದ, ಅಂತ."

"ಬಾಮೈದ ಅಂತ ನಾನು ಯಾವಾಗ ಹೇಳಿದೆ? ಪೆಟ್ಟಿಗೆ ಹತ್ರ ಇದ್ದೋರು ಅಂದ್ರು ಅಂದೆ. ಬಾಮೈದ ಅಂತ ನಿಮ್ಮ ಪೇದೆ ತಿಳ್ಕೊಂಡ. ತಿದ್ದೋಕೆ ನಾನೇನು ಅವನ ಟೀಚರ?"

"ಯಾರ ಧ್ವನಿ?"

"ಮೆಷಿನ್ ಓಡ್ತಿತ್ತು. ಮಾತು ಕೇಳಿಸ್ತು, ಗಂಟಲು ತಿಳೀಲಿಲ್ಲ."

"ಸರಿ, ಮಾತು ಹೇಳಿ. ಇದ್ದದ್ದು ಇದ್ದ ಹಾಗೆ."

ಟೈಲರಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಲೈನ್‌ಮನ್ 'ತೆಗ್ದ್ಯಾ?' ಅಂತ ಕೂಗಿದ. 'ತೆಗ್ದೆ' ಅಂತ ಉತ್ತರ ಬಂತು. ಅಷ್ಟೇ. ಆಮೇಲೆ ಏಣಿ ಅಲ್ಲಾಡಿದ ಸದ್ದು."

ಇನ್‌ಸ್ಪೆಕ್ಟರ್ ಅಲ್ಲೇ ನಿಂತಳು. ಆ ಎರಡು ಮಾತುಗಳಲ್ಲಿ ಏನೋ ಸರಿಯಿರಲಿಲ್ಲ.

ಬಾಮೈದ ನಿನ್ನೆಯಿಂದ ಲಾಕಪ್ಪಿನಲ್ಲಿ ಒಂದೇ ಮಾತು ಹೇಳುತ್ತಿದ್ದ. 'ನಾನು ಲೈನ್ ಮಲಗಿಸಿ ಹೋದೆ. ಯಾರೋ ಎಬ್ಬಿಸಿದಾರೆ.' ಮಲಗಿಸಿದೆ, ಎಬ್ಬಿಸಿದಾರೆ. ತೆಗೆದೆ ಎಂದು ಅವನು ಒಮ್ಮೆಯೂ ಅಂದಿರಲಿಲ್ಲ.

"ನೀವಿಬ್ಬರೂ ಸ್ಟೇಷನ್ನಿಗೆ ಬಂದು ಇದನ್ನ ಹೇಳಬೇಕು."

"ನಾನು ಬರಲ್ಲ," ಎಂದರು ಮೇಷ್ಟ್ರು. "ಬೀದಿಯೋರನ್ನೆಲ್ಲ ಹಿಡಿದುಕೊಟ್ಟ ಮೇಲೆ ನಾನು ಈ ಬೀದೀಲಿ ಯಾವ ಮುಖ ಇಟ್ಕೊಂಡು ಓಡಾಡಲಿ?"

"ಹೊಸ ದೀಪದಲ್ಲಿ ಹೇಗೂ ಮೊಡವೆ ಮಾತ್ರ ಕಾಣೋದು," ಎಂದಳು ಟೈಲರಮ್ಮ. "ಹೋಗಿ ಬನ್ನಿ."

ಮೇಷ್ಟ್ರು ಬಾಗಿಲು ಹಾಕಿಕೊಂಡರು. ಅವರ ಹೆಂಡತಿ ಹೊರಗೇ ಉಳಿದಳು.

*

ಲೈನ್‌ಮನ್‌ನ ಹೆಂಡತಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ತಮ್ಮನಿಗೆಂದು ತಂದ ಒಗೆದ ಶರ್ಟು. ಬೆಳಿಗ್ಗೆ ಶವಾಗಾರದಲ್ಲಿ ಗಂಡನ ಗುರುತು ಹಿಡಿದು ನೇರ ಇಲ್ಲಿಗೆ ಬಂದಿದ್ದಳು. ಶರ್ಟು ಕೊಡಲು ಬಿಟ್ಟಿರಲಿಲ್ಲ. ಹೋಗು ಎಂದೂ ಯಾರೂ ಹೇಳಿರಲಿಲ್ಲ.

"ಕಣ್ಣಲ್ಲಿ ಒಂದು ಹನಿ ನೀರಿಲ್ಲ ಮೇಡಂ," ಎಂದು ಪೇದೆ ಪಿಸುಗುಟ್ಟಿದ. ಪಿಸುಮಾತು ಅವಳಿಗೂ ಕೇಳುವಷ್ಟು ಜೋರಾಗಿತ್ತು. "ಕಲ್ಲಿನ ಥರ ಕೂತವಳೆ. ನನ್ನ ಹೆಂಡತಿ ಹಾಲು ಉಕ್ಕಿದ್ರೂ ಇದಕ್ಕಿಂತ ಜಾಸ್ತಿ ಅಳ್ತಾಳೆ."

"ಬಾಯಿ ಮುಚ್ಚಿ ಹೊರಗೆ ನಿಂತ್ಕೋ."

ಲೈನ್‌ಮನ್‌ನ ಹೆಂಡತಿ ತಲೆ ಎತ್ತಿದಳು. ಚಿಕ್ಕ ವಯಸ್ಸು. ಕೂದಲು ಸರಿಯಾಗಿ ಬಾಚಿಕೊಂಡಿದ್ದಳು. ಅದನ್ನೂ ಯಾರಾದರೂ ತಪ್ಪೆಂದಿರುತ್ತಾರೆ ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು.

"ಆ ಬೀದೀಲಿ ಒಬ್ಬರೂ ಅವರಿಗಾಗಿ ಅಳಲಿಲ್ಲ," ಎಂದಳು ಅವಳು. "ನಾನು ಅಳಬೇಕು ಅಂತ ಮಾತ್ರ ಎಲ್ಲರಿಗೂ ಇದೆ."

ಇನ್‌ಸ್ಪೆಕ್ಟರ್ ಅವಳನ್ನು ಕೋಣೆಯೊಳಗೆ ಕರೆದಳು. ಕೋಣೆಯ ಹಿಂದಿನ ಗೋಡೆಗೆ ಲಾಕಪ್ಪಿನ ಸರಳುಗಳು. ಬಾಮೈದ ಅವುಗಳಾಚೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಅಕ್ಕನನ್ನು ನೋಡಿ ಎದ್ದು ನಿಂತ.

"ಶರ್ಟು ಕೊಡಬಹುದಾ?" ಎಂದಳು ಅವಳು.

"ಕೊಡು."

ಅವಳು ಸರಳುಗಳ ನಡುವೆ ಶರ್ಟನ್ನು ತೂರಿಸಿದಳು. ಅವಳು ಬಂದು ಕುರ್ಚಿಯಲ್ಲಿ ಕೂತಳು.

"ಒಂದು ವಿಷಯ ಹೇಳಮ್ಮ. ಇವರ ಕೆಲಸದಲ್ಲಿ ಕರೆಂಟು ನಿಲ್ಲಿಸಿದ್ರೆ ಏನಂತ ಹೇಳ್ತಾರೆ?"

"ಮಲಗ್ತು ಅಂತಾರೆ. ಕರೆಂಟು ಬಂದ್ರೆ ಎದ್ದಿದೆ ಅಂತಾರೆ."

"ತೆಗ್ದೆ ಅಂತ ಹೇಳಲ್ವಾ?"

"ಇಲ್ಲ." ಅವಳು ಪಾಠ ಒಪ್ಪಿಸುವವಳಂತೆ ಹೇಳಿದಳು. "ತೆಗಿ, ಹಾಕು, ಇವೆರಡು ಮಾತು ಏಣಿ ಹತ್ರ ಬಾಯಿಗೆ ಬರಬಾರದು. ಬಾಗಿಲು ತೆಗಿ ಅಂದ್ರೆ ದಾರಿ ಬಿಡೋದು, ದೀಪ ತೆಗಿ ಅಂದ್ರೆ ನಿಲ್ಲಿಸೋದು. ಬಾಗಿಲು ಹಾಕು ಅಂದ್ರೆ ಮುಚ್ಚೋದು, ದೀಪ ಹಾಕು ಅಂದ್ರೆ ಹೊತ್ತಿಸೋದು. ಪೆಟ್ಟಿಗೇಲಿ ಬಾಗಿಲೂ ಇದೆ, ಸ್ವಿಚ್ಚೂ ಇದೆ. ತೆಗ್ದೆ ಅಂದ್ರೆ ಯಾವುದನ್ನ? ಮೇಲಿದ್ದೋರಿಗೆ ಕಾಣಲ್ಲವಲ್ಲ. ಹಿಂದೆ ಯಾರೋ ಹಾಗೇ ಸತ್ತರಂತೆ. ಅವತ್ತಿಂದ ಮಲಗ್ತು, ಎದ್ದಿದೆ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ನಿನ್ನ ತಮ್ಮ ಉತ್ತರ ಕೊಟ್ಟಿಲ್ಲ. ಪೆಟ್ಟಿಗೆ ಹತ್ರ ಇದ್ದವರು 'ತೆಗ್ದೆ' ಅಂದಿದ್ದನ್ನ ಕೇಳಿದೋರು ಇದ್ದಾರೆ. ನಿನ್ನ ತಮ್ಮ ವ್ಯಾನಿನ ಹತ್ರ ಇದ್ದ ಅನ್ನೋದಕ್ಕೂ ಒಬ್ಬರು ಬರ್ತಾರೆ."

"ಬಿಡ್ತೀರಾ ಅವನನ್ನ?"

"ಒಂದು ಗಂಟು ಬಿಚ್ಚಿದ್ರೆ ಬಿಡ್ತೀನಿ."

ಸರಳುಗಳನ್ನು ಹಿಡಿದಿದ್ದ ಬಾಮೈದನ ಬೆರಳುಗಳು ಬಿಗಿಯಾದವು. ಸಂತೋಷಪಡಬೇಕಾದವನ ಕೈಗಳಲ್ಲ ಅವು.

"ಮೊದಲು ಆ ಮಾತು ಬಂದಿದ್ದು ಕೆಳಗಿನಿಂದ ಅಲ್ಲ," ಎಂದಳು ಇನ್‌ಸ್ಪೆಕ್ಟರ್. "ಮೇಲಿನಿಂದ. ನಿನ್ನ ಗಂಡನೇ 'ತೆಗ್ದ್ಯಾ' ಅಂತ ಕೇಳಿದ. ಅವನ ಬಾಯಿಗೇ ಬರಬಾರದ ಮಾತು. ಉತ್ತರ ಬಂದ ಕೂಡಲೇ ಬರಿಗೈಲಿ ತಂತಿ ಮುಟ್ಟಿದ. ಗ್ಲೌಸು ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದ. ಬಲ್ಬು ಆಗಲೇ ಬಿಚ್ಚಿ ಇಳಿಸಿದ್ದರಿಂದ ಕರೆಂಟು ಇದೆಯೋ ಇಲ್ಲವೋ ನೋಡಿ ತಿಳಿಯೋ ಹಾಗೂ ಇರಲಿಲ್ಲ. ಆ ಧ್ವನಿಯನ್ನ ಅಷ್ಟು ನಂಬಿದ. ಯಾರದು ಅದು?"

ಹೊರಗೆ ಪೇದೆ ಯಾರಿಗೋ ಗದರಿಸುತ್ತಿದ್ದ.

"ಮೇಡಂ, ಅವಳನ್ನ ಕೇಳಬೇಡಿ," ಎಂದ ಬಾಮೈದ. "ನಾನೇ. ತೆಗ್ದೆ ಅಂದೋನು ನಾನೇ."

"ವ್ಯಾನಿನ ಹತ್ರ ಒದೆ ತಿನ್ನುತ್ತಾ ಇಲ್ಲಿಗೆ ಕೂಗಿದ್ಯಾ? ಭಾರಿ ಗಂಟಲಪ್ಪ ನಿಂದು."

ಲೈನ್‌ಮನ್‌ನ ಹೆಂಡತಿ ತನ್ನ ಕೈಗಳನ್ನು ನೋಡಿಕೊಂಡಳು.

"ನನ್ನ ಹತ್ರ ಮಾತ್ರ ಅವರು ಹಾಗೆ ಕೇಳೋದು," ಎಂದಳು.

"ಅಕ್ಕಾ!"

"ಸುಮ್ನಿರೋ." ಅವಳು ಧ್ವನಿ ಏರಿಸಲಿಲ್ಲ. "ಒಂದ್ಸಲ ಇವನಿಗೆ ಜ್ವರ ಅಂತ ನಾನು ಪೆಟ್ಟಿಗೆ ಹತ್ರ ನಿಂತಿದ್ದೆ ಮೇಡಂ. ಅವರು ಮೇಲಿಂದ 'ಮಲಗ್ತಾ?' ಅಂತ ಕೂಗಿದ್ರು. ಟೀ ಅಂಗಡಿ ಮುಂದೆ ನಿಂತಿದ್ದೋರು ಬಿದ್ದು ಬಿದ್ದು ನಕ್ಕರು. 'ಇನ್ನೂ ಹೊತ್ತು ಮುಳುಗಿಲ್ಲ ಕಣಯ್ಯಾ, ಹೆಂಡತೀನ ಬೀದೀಲಿ ಕೇಳೋ ಮಾತಾ ಅದು' ಅಂದ್ರು. ಅವರ ಮುಖ ಕೆಂಪಾಯ್ತು. ತಕ್ಷಣ ಮಾತು ತಿರುಗಿಸಿ 'ತೆಗ್ದ್ಯಾ?' ಅಂದ್ರು. ಆಮೇಲೆ ನನ್ನನ್ನ ನಿಲ್ಲಿಸಿಕೊಳ್ಳಲೇ ಇಲ್ಲ. ನಿನ್ನೆ ಗಲಾಟೆ ಆದಾಗ ಇವನು ಓಡಿಹೋದ. ಹೋಗ್ತಾ 'ಅಕ್ಕಾ, ಸ್ವಲ್ಪ ನಿಂತಿರು' ಅಂತ ಮೇಲಿದ್ದ ಅವರಿಗೂ ಕೇಳೋ ಹಾಗೆ ಕೂಗಿದ. ಊಟದ ಡಬ್ಬಿ ತಂದಿದ್ದೆ. ನಿಂತೆ."

"ಆಮೇಲೆ?"

"ಪೆಟ್ಟಿಗೆ ಬಾಗಿಲು ತೆಗ್ದೆ. ತುಕ್ಕು ಹಿಡಿದು ಬಿಗಿಯಾಗಿತ್ತು. ಅವರು 'ತೆಗ್ದ್ಯಾ?' ಅಂದ್ರು. ಬಾಗಿಲು ಅಂದ್ಕೊಂಡೆ. ತೆಗ್ದೆ ಅಂದೆ."

ಇನ್‌ಸ್ಪೆಕ್ಟರ್ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ದುಃಖ ಇರಬೇಕಾದ ಜಾಗವನ್ನು ಯಾರೋ ಒರೆಸಿಟ್ಟ ಹಾಗಿತ್ತು.

ಹಾಗಾದರೆ ಇಷ್ಟೇ. ಬೀದಿಯವರು ನಕ್ಕ ನಗೆಗೆ ನಾಚಿ ಒಬ್ಬ ತನ್ನ ಕಸುಬಿನ ಮಾತು ಬದಲಾಯಿಸಿದ. ಒಂದು ಮಾತಿಗೆ ಎರಡು ಅರ್ಥ, ಗಂಡ ಒಂದನ್ನು ಕೇಳಿದ, ಹೆಂಡತಿ ಇನ್ನೊಂದನ್ನು ಹೇಳಿದಳು. ಇದು ಕೊಲೆಯಲ್ಲ. ಕೈತಪ್ಪು, ಬಾಯಿತಪ್ಪು. ಲೈನ್ ಮಲಗಿಸಿ ಹೋದೆ ಎಂದು ತಮ್ಮ ಅಕ್ಕನನ್ನು ಕಾಯಲು ಸುಳ್ಳು ಹೇಳಿದ. ಅವನನ್ನು ಬಿಡಬಹುದು. ಇವಳಿಗೂ ಕಾನೂನು ಅಷ್ಟೇನೂ ಕಟುವಾಗಿರಲಿಕ್ಕಿಲ್ಲ.

ಬೆಳಿಗ್ಗೆಯಿಂದ ಮೊದಲ ಬಾರಿಗೆ ಇನ್‌ಸ್ಪೆಕ್ಟರ್‌ಗೆ ಮೈ ಹಗುರವಾಯಿತು.

"ಇದನ್ನ ಇನ್ನೊಮ್ಮೆ, ಬರೆದುಕೊಳ್ಳೋವಾಗ ಹೇಳ್ತೀಯಾ?"

"ಹೇಳ್ತೀನಿ."

"ಹೇಳಬೇಡ!" ಬಾಮೈದ ಸರಳುಗಳನ್ನು ಹಿಡಿದು ಅಲ್ಲಾಡಿಸಿದ. "ಮೇಡಂ, ಅವಳು ನನ್ನ ಬಿಡಿಸೋಕೆ ಸುಳ್ಳು ಹೇಳ್ತಿದ್ದಾಳೆ! ಅವಳು ಅಂಥ ತಪ್ಪು ಮಾಡೋಳಲ್ಲ! ಬಾಗಿಲು ಅಂದ್ಕೊಂಡಳಂತೆ, ಇವಳು! ಈ ಬೀದೀಲಿ ಇಳಿಸಿದ ಒಂದೊಂದು ದೀಪಕ್ಕೂ ಪೆಟ್ಟಿಗೆ ಹತ್ರ ನಿಂತೋಳು ಇವಳೇ! ನಾನು ಏಣಿ ಹಿಡ್ಕೋಬೇಕಿತ್ತಲ್ಲ, ಭಾವನೇ ಇವಳನ್ನ ಕರ್ಕೊಂಡು ಬರ್ತಿದ್ದ. ದಿನಾ 'ತೆಗ್ದ್ಯಾ' ಅಂತಾನೇ ಕೇಳ್ತಿದ್ದ, ದಿನಾ ಸ್ವಿಚ್ಚು ಇಳಿಸೇ 'ತೆಗ್ದೆ' ಅಂತಿದ್ದಳು. ನನಗಿಂತ ಚುರುಕು. ಒಂದು ದಿನ ಅವಳ ಕೈ ತಪ್ಪಿಲ್ಲ. ಒಂದು ಸಲಾನೂ..."

ಅವನು ನಿಂತುಬಿಟ್ಟ.

ತಾನು ಏನು ಹೇಳಿದೆನೆಂದು ಅವನಿಗೆ ಆಗ ಕೇಳಿಸಿತು. ತುಟಿಯ ಸೀಳು ಮತ್ತೆ ಬಿರಿದು ರಕ್ತ ಜಿನುಗಿತ್ತು. ಕೈಯಲ್ಲಿದ್ದ ಒಗೆದ ಶರ್ಟಿನಿಂದ ಅದನ್ನು ಒತ್ತಿಕೊಂಡ.

ಇನ್‌ಸ್ಪೆಕ್ಟರ್ ನಿಧಾನವಾಗಿ ಎದ್ದು ಹೋಗಿ ಕೋಣೆಯ ಬಾಗಿಲಿಗೆ ಚಿಲಕ ಹಾಕಿದಳು.

"ಆಮೇಲೆ ನಿನ್ನನ್ನ ನಿಲ್ಲಿಸಿಕೊಳ್ಳಲೇ ಇಲ್ಲ ಅಂದೆ," ಎಂದಳು.

ಲೈನ್‌ಮನ್‌ನ ಹೆಂಡತಿ ತಮ್ಮನ ಕಡೆ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಚಿಕ್ಕವನು ಏನನ್ನೋ ಒಡೆದು ಹಾಕಿದಾಗ ದೊಡ್ಡವರು ನೋಡುವ ಹಾಗೆ.

"ಅವನು ಏನೂ ಮಾಡಿಲ್ಲ ಅಂತ ಈಗ ನಿಮಗೆ ಗೊತ್ತಾಯ್ತಲ್ಲ ಮೇಡಂ," ಎಂದಳು. "ಮೊದಲು ಅವನನ್ನ ಹೊರಗೆ ಕಳಿಸಿ. ಅವನು ಈ ಬಾಗಿಲು ದಾಟಿ ಹೋದ ಮೇಲೆ, ಯಾಕೆ ಅಂತ ನನ್ನ ಕೇಳಿ."